ಹಿತ್ತಲಲ್ಲಿ ಜೇನು ಸಾಕೋಕೆ ಹೇಗೆ ಶುರು ಮಾಡ್ಲಿ?

ಪ್ರಶ್ನೆ:
ನಮ್ಮನೆ ಬನಶಂಕರಿ ಕಡೆ, ಹಿತ್ತಲಲ್ಲಿ ನುಗ್ಗೆ, ಕರಿಬೇವು, ತುಳಸಿ ಇದೆ. ಒಂದು ಪೆಟ್ಟಿಗೆ ಇಡೋ ಆಸೆ ತುಂಬಾ ಇದೆ, ಆದ್ರೆ ಸಕ್ಕರೆ ಪಾಕ, ಔಷಧಿ ಏನೂ ಬೇಡ, ಅವು ಅವುಗಳ ಪಾಡಿಗೆ ಇರ್ಲಿ. ಪಕ್ಕದ ಮನೇಲಿ ಚಿಕ್ಕ ಮಕ್ಕಳಿದಾರೆ, ತೊಂದ್ರೆ ಆಗುತ್ತಾ?

ಉತ್ತರ 1:
ತುಡುವೆನೇ (ಪೆಟ್ಟಿಗೇಲಿ ಸಾಕೋ ನಾಡಜೇನು) ಇಡಿ ಸರ್, ಹೆಜ್ಜೇನು ಪೆಟ್ಟಿಗೇಲಿ ನಿಲ್ಲಲ್ಲ. ದುಡ್ಡು ಕೊಟ್ಟು ಜೇನು ಕುಟುಂಬ (ರಾಣಿ ಸಮೇತ ಒಂದು ಹಿಂಡು) ತರೋ ಮುಂಚೆ ಖಾಲಿ ಪೆಟ್ಟಿಗೆ ಒಳಗೆ ಜೇನುಮೇಣ ಸವರಿ ನೆರಳಲ್ಲಿಟ್ಟು ನೋಡಿ, ಹಾರಿಬಂದ ಹಿಂಡು ತಾನೇ ಕೂತ್ರೆ ಅದಕ್ಕಿಂತ ಒಳ್ಳೇದಿಲ್ಲ. ಸ್ಟ್ಯಾಂಡ್ ಕಾಲುಗಳನ್ನ ನೀರಿನ ಬಟ್ಟಲಲ್ಲಿಡಿ, ಇಲ್ಲಾಂದ್ರೆ ಇರುವೆ ಬಿಡಲ್ಲ. ಪೆಟ್ಟಿಗೆ ಬಾಗಿಲು ಪಕ್ಕದ ಮನೆ ಕಡೆ ಬೇಡ.

ಉತ್ತರ 2:
ಸಕ್ಕರೆ ಕೊಡಲ್ಲ ಅಂದ್ರೆ ಜೇನುತುಪ್ಪನೂ ಪೂರ್ತಿ ತೆಗೀಬಾರದು. ಹೊಂಗೆ ಹೂ ಬಿಡೋ ಮಾರ್ಚ್-ಏಪ್ರಿಲ್‌ನಲ್ಲಿ ತುಂಬ್ಸಿಟ್ಟಿದ್ದೇ ಮಳೆಗಾಲಕ್ಕೆ ಅವುಗಳ ಊಟ, ಅದನ್ನ ಕಿತ್ಕೊಂಡ್ರೆ ಪೆಟ್ಟಿಗೆ ಬಿಟ್ಟು ಹೋಗ್ತವೆ. 1990ರ ದಶಕದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ, ಜೇನಿನ ಮರಿಹುಳ ಸಾಯಿಸೋ ವೈರಸ್ ಬಂದು ನಮ್ಮ ರಾಜ್ಯದ ತುಡುವೆ ಕುಟುಂಬಗಳು ಭಾರೀ ಸಂಖ್ಯೇಲಿ ನಾಶ ಆದ್ವು, ಅದಕ್ಕೆ ಔಷಧಿ ಇಲ್ಲ, ಬಲವಾದ ಕುಟುಂಬಾನೇ ಉಪಾಯ. ಖಾಲಿಬಿದ್ದ ಹಳೇ ಎರಿ (ಮೇಣದ ಹಲ್ಲೆ) ಆಗಾಗ ತೆಗೀರಿ, ಮೇಣದ ಹುಳ ಬೀಳುತ್ತೆ.

ಉತ್ತರ 3:
ಮಕ್ಕಳಿದ್ರೆ ನನ್ನ ಪ್ರಕಾರ ಮೊದ್ಲು ಮುಜಂಟಿ ಅನ್ನೋ ಪುಟ್ಟ ಜೇನು ಇಡಿ, ಕುಟುಕಲ್ಲ, ತುಪ್ಪ ಮಾತ್ರ ಸ್ವಲ್ಪಾನೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಲಿ ಜೇನುಕೃಷಿ ವಿಭಾಗ ಇದೆ, ಟ್ರೈನಿಂಗ್ ಯಾವಾಗ ಅಂತ ವಿಚಾರಿಸಿ, ಕಣ್ಣಾರೆ ನೋಡಿ ಕಲಿಯೋದೇ ಬೇರೆ.