ಸಾಲುಗಳು ಕಾಲಂ ಆಗಬೇಕು: ಪಿವಟ್ ಕ್ವೆರಿ ಬರೆದವರು ಅನುಭವ ಹೇಳ್ತೀರಾ?

ಕೇಳಿದವರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ದಲಾಲಿ ಮಂಡಿಯ ಲೆಕ್ಕದ ಸಾಫ್ಟ್‌ವೇರ್ ನೋಡ್ಕೊಳ್ತೀನಿ. ಡೇಟಾಬೇಸ್ ಮೈಎಸ್‌ಕ್ಯೂಎಲ್ 8. 'ಆವಕ' ಅನ್ನೋ ಟೇಬಲ್‌ನಲ್ಲಿ ಒಂದೊಂದು ಲೋಡಿಗೆ ಒಂದೊಂದು ಸಾಲು: ದಿನಾಂಕ, ಬಿಲ್ ನಂಬರು, ತಾಲ್ಲೂಕು, ಸರಕು, ತೂಕ. ಮಾಲೀಕರು ಕೇಳೋದು ಬೇರೆ ಥರ. ಎಡಗಡೆ ಮೆಕ್ಕೆಜೋಳ, ಭತ್ತ, ಶೇಂಗಾ. ಮೇಲ್ಗಡೆ ದಾವಣಗೆರೆ, ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿ. ನಡುವೆ ಕ್ವಿಂಟಾಲ್ ಲೆಕ್ಕ. ಈಗ ತಿಂಗಳ ಕೊನೆಗೆ ಎಕ್ಸೆಲ್‌ಗೆ ಹಾಕಿ ಪಿವಟ್ ಟೇಬಲ್ ಮಾಡಿ ಕೊಡ್ತಿದ್ದೀನಿ. ಅವರಿಗೆ ಬೇಕಾದಾಗ ಅವರೇ ತೆಗೆದು ನೋಡೋ ಹಾಗಾಗಬೇಕು. ಕ್ವೆರಿಯಲ್ಲಿ ಪಿವಟ್ ಅಂತ ಬರೆದ್ರೆ ಸಿಂಟ್ಯಾಕ್ಸ್ ಎರರ್ ಬರುತ್ತೆ. ಈ ಕೆಲಸ ಮಾಡಿದವರು ದಾರಿ ತೋರಿಸಿ.

ಉತ್ತರ: ಮಂಡಿ ರಿಪೋರ್ಟ್ ಬರೆಯುವವರು, ದಾವಣಗೆರೆ

ಎರರ್ ಬರಲೇಬೇಕು ಸರ್. ಎಸ್‌ಕ್ಯೂಎಲ್ ಸರ್ವರ್‌ಗೆ 2005ರ ಆವೃತ್ತಿಯಲ್ಲಿ ಪಿವಟ್ ಬಂತು, ಒರಾಕಲ್‌ಗೆ 11ಜಿಯಲ್ಲಿ. ಮೈಎಸ್‌ಕ್ಯೂಎಲ್ 8ರಲ್ಲಿ ಅದು ಇಲ್ಲ. ಅದಿಲ್ಲ ಅಂತ ಕೆಲಸ ನಿಲ್ಲಲ್ಲ. ಇದನ್ನು ನೋಡಿ, ಕೀವರ್ಡ್‌ಗಳನ್ನು ಟೈಪ್ ಮಾಡುವಾಗ ಇಂಗ್ಲಿಷಲ್ಲಿ ಹಾಕ್ಕೊಳ್ಳಿ:

ಸೆಲೆಕ್ಟ್ ಸರಕು,
ಸಮ್(ಕೇಸ್ ವೆನ್ ತಾಲ್ಲೂಕು = 'ಹರಿಹರ' ದೆನ್ ತೂಕ ಎಲ್ಸ್ 0 ಎಂಡ್) ಆಸ್ ಹರಿಹರ,
ಸಮ್(ಕೇಸ್ ವೆನ್ ತಾಲ್ಲೂಕು = 'ಜಗಳೂರು' ದೆನ್ ತೂಕ ಎಲ್ಸ್ 0 ಎಂಡ್) ಆಸ್ ಜಗಳೂರು
ಫ್ರಮ್ ಆವಕ ಗ್ರೂಪ್ ಬೈ ಸರಕು;

ಹರಿಹರದಿಂದ 60 ಕ್ವಿಂಟಾಲ್ ಮೆಕ್ಕೆಜೋಳ ಬಂತು ಅನ್ನಿ. ಆ ಸಾಲು ಬಂದಾಗ ಹರಿಹರದ ಕೇಸ್ 60 ಕೊಡುತ್ತೆ, ಜಗಳೂರಿನ ಕೇಸ್ 0 ಕೊಡುತ್ತೆ. ಹೀಗೆ ಎಲ್ಲ ಸಾಲೂ ಮುಗಿದ ಮೇಲೆ ಗ್ರೂಪ್ ಬೈ ಮೆಕ್ಕೆಜೋಳದ್ದೆಲ್ಲ ಒಂದು ಸಾಲಿಗೆ ಕೂಡಿಸುತ್ತೆ. ಟೇಬಲ್ ಓದೋದು ಒಂದೇ ಸಲ. ತಾಲ್ಲೂಕಿಗೊಂದು ಸಬ್‌ಕ್ವೆರಿ ಬರೆದು ಜಾಯಿನ್ ಮಾಡೋರೂ ಇದ್ದಾರೆ, ಅದಕ್ಕೆ ಹೋಗಬೇಡಿ, ಪ್ರತಿ ತಾಲ್ಲೂಕಿಗೂ ಟೇಬಲ್ ಮತ್ತೆ ಓದಬೇಕಾಗುತ್ತೆ.

ಇದಕ್ಕಿಂತ ಮುಖ್ಯವಾದ ಮಾತು ಒಂದಿದೆ. ನಿಮ್ಮ ಪಟ್ಟಿಯಲ್ಲಿ ಐದೇ ತಾಲ್ಲೂಕು ಇವೆ. ನ್ಯಾಮತಿ ಎಲ್ಲಿ? ಹೊನ್ನಾಳಿಯಿಂದ ಬೇರೆಯಾಗಿ ಅದೀಗ ತಾಲ್ಲೂಕೇ. ಹರಪನಹಳ್ಳಿ ನೋಡಿ, 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ನಮ್ಮ ಕಡೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅಲ್ಲಿಂದ ಒಂದು ಲೋಡು ನಿಮ್ಮ ಮಂಡಿಗೆ ಬಂದ್ರೆ ಅದು ಯಾವ ಕಾಲಂಗೂ ಸೇರಲ್ಲ. ಎರರ್ ಬರಲ್ಲ, ವಾರ್ನಿಂಗ್ ಬರಲ್ಲ, ತೂಕ ಮಾತ್ರ ರಿಪೋರ್ಟಿಂದ ಮಾಯ. ಡೇಟಾ ಎಂಟ್ರಿಯವರು 'ಜಗಳೂರ' ಅಂತ ಹೊಡೆದಿದ್ರೂ ಅದೇ ಗತಿ. ರೈತರ ಮಾಲಿನ ಲೆಕ್ಕ ಇದು, ಒಂದು ಚೀಲವೂ ಸದ್ದಿಲ್ಲದೆ ಬಿಟ್ಟು ಹೋಗಬಾರದು.

ಅದಕ್ಕೆ ಎರಡು ಕಾಲಂ ಸೇರಿಸಿ. ಒಂದು ಬರೀ ಸಮ್(ತೂಕ), ಅದು ಒಟ್ಟು. ಇನ್ನೊಂದು ಇತರೆ: ಸಮ್(ಕೇಸ್ ವೆನ್ ತಾಲ್ಲೂಕು ಇನ್ (ಪಟ್ಟಿ) ದೆನ್ 0 ಎಲ್ಸ್ ತೂಕ ಎಂಡ್). ಇದನ್ನೇ ತಿರುಗಿಸಿ 'ನಾಟ್ ಇನ್' ಅಂತ ಬರೆಯಬೇಡಿ. ತಾಲ್ಲೂಕು ತುಂಬದೆ ನಲ್ ಬಿಟ್ಟ ಸಾಲಿಗೆ ನಾಟ್ ಇನ್ ಸರಿ ಅಂತಲೂ ಹೇಳಲ್ಲ, ತಪ್ಪು ಅಂತಲೂ ಹೇಳಲ್ಲ, ಆ ಸಾಲು ಮತ್ತೆ ಜಾರಿಹೋಗುತ್ತೆ. ಮೇಲೆ ಬರೆದ ಹಾಗಿದ್ರೆ ನಲ್ ಕೂಡ ಎಲ್ಸ್‌ಗೆ ಬಿದ್ದು ಇತರೆಯಲ್ಲಿ ಕಾಣುತ್ತೆ.

ಉತ್ತರ: ಮಳೆ ಲೆಕ್ಕ ಇಡುವವರು, ಚಿತ್ರದುರ್ಗ

ನಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್. ತಿಂಗಳು ಸಾಲಿನಲ್ಲಿ, ಆರು ತಾಲ್ಲೂಕು ಕಾಲಂನಲ್ಲಿ. ಇದರಲ್ಲಿ ಪಿವಟ್ ಮಾಡೋಕೆ ಟೇಬಲ್‌ಫಂಕ್ ಎಕ್ಸ್‌ಟೆನ್ಷನ್‌ನ ಕ್ರಾಸ್‌ಟ್ಯಾಬ್ ಅನ್ನೋ ಫಂಕ್ಷನ್ ಬಳಸೋರಿಗೆ ಒಂದು ಎಚ್ಚರಿಕೆ. ಅದಕ್ಕೆ ಒಂದೇ ಕ್ವೆರಿ ಕೊಟ್ರೆ ಸಿಕ್ಕ ಬೆಲೆಗಳನ್ನು ಎಡದಿಂದ ತುಂಬುತ್ತಾ ಹೋಗುತ್ತೆ, ಯಾವ ತಾಲ್ಲೂಕಿನದು ಅಂತ ನೋಡಲ್ಲ. ಜನವರಿಯಲ್ಲಿ ಮೊಳಕಾಲ್ಮುರಿಗೆ ಸಾಲೇ ಇಲ್ಲದಿದ್ರೆ ಹಿರಿಯೂರಿನ ಮಳೆ ಮೊಳಕಾಲ್ಮುರು ಕಾಲಂಗೆ ಬಂದು ಕೂರುತ್ತೆ, ಹೊಳಲ್ಕೆರೆಯದು ಹಿರಿಯೂರಿಗೆ. ನೋಡೋಕೆ ಎಲ್ಲ ಸರಿಯಾಗೇ ಕಾಣುತ್ತೆ. ತಾಲ್ಲೂಕುಗಳ ಪಟ್ಟಿ ಕೊಡೋ ಎರಡನೇ ಕ್ವೆರಿಯನ್ನೂ ಕೊಡಿ, ಆಗ ಖಾಲಿ ಇದ್ದದ್ದು ಖಾಲಿಯಾಗೇ ಉಳಿಯುತ್ತೆ. ನಾನಂತೂ ಪೋಸ್ಟ್‌ಗ್ರೆಸ್ 9.4 ಆವೃತ್ತಿಯಿಂದ ಬಂದಿರೋ ಫಿಲ್ಟರ್ ಬಳಸ್ತೀನಿ: ಸಮ್(ಮಳೆ) ಫಿಲ್ಟರ್ (ವೇರ್ ತಾಲ್ಲೂಕು = 'ಹಿರಿಯೂರು'). ಓದೋಕೆ ಹಿತ.

ಇನ್ನು ಎಲ್ಸ್ 0 ವಿಷಯ. ಮಂಡಿಗೆ ಅದು ಸರಿ, ಮಾಲು ಬರಲಿಲ್ಲ ಅಂದ್ರೆ ಸೊನ್ನೆಯೇ. ಮಳೆಗೆ ಸರಿ ಹೋಗಲ್ಲ. ಚಳ್ಳಕೆರೆಯಲ್ಲಿ ಮಳೆ ಆಗಲಿಲ್ಲ ಅನ್ನೋದು ಬೇರೆ, ಮಾಪಕ ಓದಲಿಲ್ಲ ಅನ್ನೋದು ಬೇರೆ. ಅಲ್ಲಿ ಎಲ್ಸ್ ಬಿಟ್ಟುಬಿಡಿ, ನಲ್ ಉಳಿಯಲಿ. ಸರಾಸರಿ ತೆಗೆಯುವಾಗಲೂ ಎಲ್ಸ್ 0 ಹಾಕಿದ್ರೆ ಬೇರೆ ತಾಲ್ಲೂಕಿನ ಸಾಲೆಲ್ಲ ಸೊನ್ನೆಯಾಗಿ ಸೇರಿ ಸರಾಸರಿ ನೆಲ ಕಚ್ಚುತ್ತೆ. ಕೌಂಟ್‌ಗೆ ಹಾಕಿದ್ರೆ ಎಲ್ಲ ಕಾಲಂನಲ್ಲೂ ಒಂದೇ ಸಂಖ್ಯೆ ಬರುತ್ತೆ, ಯಾಕಂದ್ರೆ ಸೊನ್ನೆಯನ್ನೂ ಅದು ಎಣಿಸುತ್ತೆ.

ಉತ್ತರ: ಎಸ್‌ಕ್ಯೂಎಲ್ ಸರ್ವರ್ ಬಳಸುವವರು, ಹರಿಹರ

ಮುಂದೆ ಯಾರಾದ್ರೂ ನಮ್ಮ ಡೇಟಾಬೇಸ್‌ಗೆ ಬಂದ್ರೆ ಅಂತ ಒಂದೇ ಮಾತು. ಇಲ್ಲಿನ ಪಿವಟ್‌ಗೆ ಗ್ರೂಪ್ ಬೈ ಬರೆಯಲ್ಲ, ಉಳಿದ ಎಲ್ಲ ಕಾಲಂ ಮೇಲೂ ಅದೇ ಗುಂಪು ಮಾಡುತ್ತೆ. ಬಿಲ್ ನಂಬರ್ ಒಳಗೆ ಉಳಿದಿದ್ರೆ ಬಿಲ್ಲಿಗೊಂದು ಸಾಲು ಬರುತ್ತೆ, ಕೂಡೋದೇ ಇಲ್ಲ. ಮೊದಲು ಸರಕು, ತಾಲ್ಲೂಕು, ತೂಕ ಇಷ್ಟನ್ನೇ ಸಬ್‌ಕ್ವೆರಿಯಲ್ಲಿ ತೆಗೆದು ಅದರ ಮೇಲೆ ಪಿವಟ್ ಹಾಕಿ.

ಕೇಳಿದವರು

ತುಂಬಾ ಧನ್ಯವಾದ. ನ್ಯಾಮತಿ ಬಿಟ್ಟುಹೋಗಿರೋದು ನಿಜ, ಪಟ್ಟಿ ಹಳೇದು. ಹೊಸ ತಾಲ್ಲೂಕು ಬಂದಾಗ ಕಾಲಂ ತಾನಾಗೇ ಸೇರೋ ಹಾಗೆ ಮಾಡಬಹುದಾ?

ಉತ್ತರ: ಮಂಡಿ ರಿಪೋರ್ಟ್ ಬರೆಯುವವರು, ದಾವಣಗೆರೆ

ಒಂದೇ ಸೆಲೆಕ್ಟ್‌ನಲ್ಲಿ ಆಗಲ್ಲ ಸರ್. ಡೇಟಾ ಓದೋ ಮೊದಲೇ ಯಾವ ಯಾವ ಕಾಲಂ ಅಂತ ಡೇಟಾಬೇಸ್‌ಗೆ ಗೊತ್ತಿರಬೇಕು. ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಮಾಡಿದ್ರೂ ಅದೇ ಕಥೆ. ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್ ಒಳಗೇ ಉಳಿಸಿಡೋ ಪುಟ್ಟ ಪ್ರೋಗ್ರಾಂ) ಬರೆಯಿರಿ: ತಾಲ್ಲೂಕುಗಳ ಪಟ್ಟಿಗೆ ಒಂದು ಬೇರೆ ಟೇಬಲ್ ಇಟ್ಟು, ಗ್ರೂಪ್ ಕಾನ್‌ಕ್ಯಾಟ್‌ನಿಂದ ಸಮ್-ಕೇಸ್ ಸಾಲುಗಳನ್ನು ಒಂದು ಸ್ಟ್ರಿಂಗ್ ಆಗಿ ಕಟ್ಟಿ, ಪ್ರಿಪೇರ್ ಮಾಡಿ ಎಕ್ಸಿಕ್ಯೂಟ್ ಮಾಡಿ. ತಾಲ್ಲೂಕಿನ ಹೆಸರನ್ನು ಕೋಟ್ ಫಂಕ್ಷನ್ ಮೂಲಕವೇ ಹಾಕಿ.

ನಮ್ಮಂಥವರಿಗೆ ಇಲ್ಲೊಂದು ತೊಡಕಿದೆ. ಗ್ರೂಪ್ ಕಾನ್‌ಕ್ಯಾಟ್‌ಗೆ ಮಾಮೂಲಿ ಮಿತಿ 1024 ಬೈಟ್. ಕನ್ನಡದ ಒಂದೊಂದು ಅಕ್ಷರ, ಕಾಗುಣಿತದ ಚಿಹ್ನೆ, ಒತ್ತಿನ ಹಲಂತ ಎಲ್ಲವೂ ಯುಟಿಎಫ್‌-8ರಲ್ಲಿ ಮೂರು ಮೂರು ಬೈಟ್ ತಿನ್ನುತ್ತೆ. ಹೆಸರು ಕನ್ನಡದಲ್ಲಿದ್ರೆ ಕೆಲವೇ ತಾಲ್ಲೂಕಿಗೆ ಮಿತಿ ಮುಗಿದು ಸ್ಟ್ರಿಂಗ್ ಅರ್ಧಕ್ಕೆ ಕತ್ತರಿಸಿ, ಪ್ರಿಪೇರ್‌ನಲ್ಲಿ ಎರರ್ ಬರುತ್ತೆ. ಪ್ರೊಸೀಜರ್‌ನ ಮೊದಲ ಸಾಲಲ್ಲೇ ಆ ಸೆಷನ್‌ಗೆ ಮಿತಿಯನ್ನು ಏರಿಸಿಬಿಡಿ. ತಾಲ್ಲೂಕು ಟೇಬಲ್‌ನಲ್ಲಿ ಕ್ರಮಸಂಖ್ಯೆಯ ಕಾಲಂ ಒಂದಿರಲಿ, ಗ್ರೂಪ್ ಕಾನ್‌ಕ್ಯಾಟ್ ಒಳಗೆ ಅದರ ಮೇಲೆ ಆರ್ಡರ್ ಬೈ ಹಾಕಿದ್ರೆ ಮಾಲೀಕರು ಹೇಳಿದ ಸಾಲಿನಲ್ಲೇ ಊರುಗಳು ಬರ್ತವೆ.