ಥೆಫ್ಟ್, ಬರ್ಗ್ಲರಿ, ರಾಬರಿ: ಎಲ್ಲವೂ ಕಳ್ಳತನವೇ ಅಲ್ವಾ? ವಕೀಲರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಕೊಬ್ಬರಿ ವ್ಯಾಪಾರಿ, ತಿಪಟೂರು): ನಮಸ್ಕಾರ ಮೇಡಂ. ಹೋದ ತಿಂಗಳು ನಮ್ಮ ಗೋಡೌನಿಂದ ಕೊಬ್ಬರಿ ಚೀಲ ಕಳುವಾದವು. ಹಗಲು ಹೊತ್ತು, ಶಟರ್ ತೆಗೆದೇ ಇತ್ತು. ಲೋಡ್ ಮಾಡುವ ಗಡಿಬಿಡಿಯಲ್ಲಿ ಯಾರೋ ಸಾಗಿಸಿದ್ದಾರೆ. ಇನ್ಶೂರೆನ್ಸ್ ಕಂಪನಿಯವರು ‘ಇದು ಥೆಫ್ಟ್, ಬರ್ಗ್ಲರಿ ಅಲ್ಲ, ಕ್ಲೇಮ್ ಬರುವುದಿಲ್ಲ’ ಅಂತ ಪತ್ರ ಕಳಿಸಿದ್ದಾರೆ. ಕಳ್ಳತನ ಅಂದಮೇಲೆ ಎಲ್ಲ ಒಂದೇ ಅಲ್ವಾ?

ಉತ್ತರ: ನಮಸ್ಕಾರ ಸರ್. ಮಾಲು ಕಳೆದುಕೊಂಡವರಿಗೆ ಒಂದೇ, ಆದರೆ ಪಾಲಿಸಿಗೆ ಒಂದೇ ಅಲ್ಲ. ನಿಮ್ಮ ವಶದಲ್ಲಿರುವ ವಸ್ತುವನ್ನು ನಿಮ್ಮ ಒಪ್ಪಿಗೆ ಇಲ್ಲದೆ, ಕೆಟ್ಟ ಉದ್ದೇಶದಿಂದ ಎತ್ತಿಕೊಂಡು ಹೋದರೆ ಅದು ಥೆಫ್ಟ್. ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್. ಬಾಗಿಲು ತೆಗೆದಿತ್ತೋ ಮುಚ್ಚಿತ್ತೋ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ.

ಬರ್ಗ್ಲರಿ ಅನ್ನುವುದು ವಿಮೆಯವರು ಬಳಸುವ ಮಾತು. ಬಲವಂತವಾಗಿ ಒಳಗೆ ನುಗ್ಗಿ ಕದ್ದಿರಬೇಕು ಅಂತ ಹೆಚ್ಚಿನ ಪಾಲಿಸಿಗಳಲ್ಲಿ ಬರೆದಿರುತ್ತಾರೆ. 2004ರಲ್ಲಿ ಹರ್‌ಚಂದ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಪಾಲಿಸಿಯಲ್ಲಿ ಬಲಪ್ರಯೋಗ ಅಂತ ಇದ್ದರೆ ಬಲಪ್ರಯೋಗ ಆಗಿರಲೇಬೇಕು, ಕೋರ್ಟು ಆ ಪದವನ್ನು ಹಿಗ್ಗಿಸಲು ಬರುವುದಿಲ್ಲ ಎಂದಿತು.

ಇನ್ನೊಂದು ಪದ ಹೌಸ್ ಬ್ರೇಕಿಂಗ್. ಇದು ಸಂಹಿತೆಯ 330ನೇ ಸೆಕ್ಷನ್‌ನಲ್ಲಿದೆ. ಹೆಸರು ಕೇಳಿದರೆ ಏನಾದರೂ ಮುರಿದಿರಬೇಕು ಅನಿಸುತ್ತದೆ. ಹಾಗೇನಿಲ್ಲ. ನೀವು ಕಳೆದುಕೊಂಡ ಬೀಗದ ಕೈ ಒಬ್ಬನಿಗೆ ಸಿಕ್ಕಿತು, ಅದರಿಂದಲೇ ಬಾಗಿಲು ತೆಗೆದು ಕದಿಯಲು ಒಳಗೆ ಬಂದ ಅಂತಿಟ್ಟುಕೊಳ್ಳಿ. ಒಂದು ಗೀರೂ ಬಿದ್ದಿಲ್ಲ, ಆದರೂ ಕಾನೂನಿನ ಲೆಕ್ಕದಲ್ಲಿ ಅದು ಹೌಸ್ ಬ್ರೇಕಿಂಗ್. ಅದೇ ಘಟನೆಗೆ ವಿಮೆ ಕಂಪನಿ ‘ಬಲಪ್ರಯೋಗ ಎಲ್ಲಿದೆ’ ಅಂತ ಕೇಳಬಹುದು. ಎಫ್‌ಐಆರ್‌ನಲ್ಲಿ ಹೌಸ್ ಬ್ರೇಕಿಂಗ್ ಸೆಕ್ಷನ್ ಇದೆ ಅಂದಮಾತ್ರಕ್ಕೆ ಕ್ಲೇಮ್ ಬಂದೇ ಬರುತ್ತದೆ ಅಂತ ನಂಬಿ ಕೂರಬೇಡಿ.

ಪ್ರಶ್ನೆ (ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವರು): ಮೇಡಂ, ಹಾಗಾದರೆ ರಾಬರಿ, ಡಕಾಯಿಟಿ? ಪೇಪರಿನಲ್ಲಿ ಎಲ್ಲದಕ್ಕೂ ದರೋಡೆ ಅಂತಲೇ ಬರೆಯುತ್ತಾರೆ.

ಉತ್ತರ: ಹೌದು, ಮನೆಯಲ್ಲಿ ಯಾರೂ ಇಲ್ಲದಾಗ ಕದ್ದಿದ್ದಕ್ಕೂ ದರೋಡೆ ಅಂತ ಹಾಕುತ್ತಾರೆ. ಓದಿದವರಿಗೆ ಅಲ್ಲಿ ಹೊಡೆದಾಟ ಆಗಿತ್ತೇನೋ ಅನಿಸುತ್ತದೆ. ಇದು ನನಗೆ ಸರಿ ಕಾಣುವುದಿಲ್ಲ.

ರಾಬರಿ ಅಂದರೆ ಸುಲಿಗೆ. ಕದಿಯುವಾಗ ಅಥವಾ ಕದ್ದ ಮಾಲು ಹೊತ್ತೊಯ್ಯುವಾಗ ಎದುರಿಗಿದ್ದವರಿಗೆ ಪೆಟ್ಟು ಕೊಡಬೇಕು, ತಡೆದು ನಿಲ್ಲಿಸಬೇಕು, ಇಲ್ಲವೇ ಈಗಲೇ ಏನಾದರೂ ಮಾಡಿಬಿಡುತ್ತೇನೆ ಅಂತ ಹೆದರಿಸಬೇಕು. ಬರೀ ಥೆಫ್ಟ್‌ಗೆ ಸಾಮಾನ್ಯವಾಗಿ 3 ವರ್ಷದವರೆಗೆ ಶಿಕ್ಷೆ. ರಾಬರಿಗೆ 10 ವರ್ಷದವರೆಗೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವುದರೊಳಗೆ ಹೆದ್ದಾರಿಯಲ್ಲಿ ಮಾಡಿದರೆ 14ರವರೆಗೆ. ಐದು ಅಥವಾ ಹೆಚ್ಚು ಜನ ಸೇರಿ ಮಾಡಿದರೆ ಡಕಾಯಿಟಿ. ನಾಲ್ವರು ಒಳಗೆ ಹೋಗಿ, ಐದನೆಯವನು ಸುಮ್ನೆ ಬಾಗಿಲಲ್ಲಿ ಕಾವಲು ನಿಂತು ನೆರವಾದರೂ ಅವನೂ ಲೆಕ್ಕಕ್ಕೆ ಬರುತ್ತಾನೆ.

ಸರಗಳ್ಳತನವನ್ನು ಮರೆಯಬೇಡಿ. 2024ರ ಜುಲೈ 1ರಿಂದ ಸಂಹಿತೆ ಜಾರಿಗೆ ಬಂದಾಗ ಸ್ನ್ಯಾಚಿಂಗ್‌ಗೆ ಅಂತಲೇ 304ನೇ ಸೆಕ್ಷನ್ ಬಂತು. ಹಳೆಯ ದಂಡ ಸಂಹಿತೆಯಲ್ಲಿ ಅದು ಇರಲಿಲ್ಲ. ಸರ ಕಿತ್ತುಕೊಳ್ಳಲೆಂದು ಹೆಂಗಸನ್ನು ದಬ್ಬಿ ಗಾಯ ಮಾಡಿದರೆ ಆಗ ರಾಬರಿ ಸೆಕ್ಷನ್ ಹಾಕಬಹುದು.

ಪ್ರಶ್ನೆ (ಗೃಹಿಣಿ, ಹಾಸನ): ಅಕ್ಕಾ, ನನ್ನ ತಮ್ಮನ ಮೇಲೆ ಗಲಾಟೆ ಕೇಸ್ ಆಗಿದೆ. ನಾನ್ ಬೇಲಬಲ್ ಅಂತ ಹೇಳಿದರು. ಬೇಲ್ ಸಿಗುವುದೇ ಇಲ್ವಾ? ಅಮ್ಮ ಊಟ ಬಿಟ್ಟು ಕೂತಿದ್ದಾರೆ.

ಉತ್ತರ: ಸಿಗುತ್ತದೆ ತಂಗಿ, ಮೊದಲು ಅಮ್ಮನಿಗೆ ಊಟ ಮಾಡಿಸಿ. ಬೇಲಬಲ್ ಆದರೆ ಜಾಮೀನು ಆರೋಪಿಯ ಹಕ್ಕು, ಸ್ಟೇಷನ್ನಿನಲ್ಲೇ ಕೊಡಬೇಕು. ನಾನ್ ಬೇಲಬಲ್ ಅಂದರೆ ಹಕ್ಕಾಗಿ ಸಿಗುವುದಿಲ್ಲ, ಕೋರ್ಟಿನಲ್ಲಿ ಅರ್ಜಿ ಹಾಕಿ ಕೇಳಬೇಕು, ಅಷ್ಟೇ. ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. ದಿನಾ ಎಷ್ಟೋ ಜನರಿಗೆ ಸಿಗುತ್ತದೆ. ಇನ್ನೂ ಅರೆಸ್ಟ್ ಆಗಿಲ್ಲದಿದ್ದರೆ ಸೆಷನ್ಸ್ ಕೋರ್ಟಿನಲ್ಲಿ ಅಥವಾ ಹೈಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು ಕೇಳಬಹುದು. ನಾಳೆಯೇ ಎಫ್‌ಐಆರ್ ಪ್ರತಿ ತಗೊಂಡು ಒಬ್ಬ ವಕೀಲರನ್ನು ನೋಡಿ.

ಪ್ರಶ್ನೆ: ಡಿಸ್ಚಾರ್ಜ್ ಆದರೂ ಅಕ್ವಿಟಲ್ ಆದರೂ ಬಿಡುಗಡೆ ತಾನೇ ಮೇಡಂ?

ಉತ್ತರ: ಅಲ್ಲ. ಡಿಸ್ಚಾರ್ಜ್ ಅಂದರೆ ವಿಚಾರಣೆ ಶುರುವಾಗುವ ಮೊದಲೇ, ಸಾಕಷ್ಟು ಆಧಾರ ಇಲ್ಲ ಅಂತ ಬಿಡುವುದು. ಮುಂದೆ ಹೊಸ ಸಾಕ್ಷ್ಯ ಸಿಕ್ಕರೆ ಕೇಸ್ ಮತ್ತೆ ಬರಬಹುದು. ಅಕ್ವಿಟಲ್ ಅಂದರೆ ವಿಚಾರಣೆ ಮುಗಿದು ಖುಲಾಸೆ. ಅದರ ಮೇಲೆ ಅಪೀಲು ಹೋಗಬಹುದು, ಆದರೆ ಆ ಖುಲಾಸೆ ರದ್ದಾಗದೆ ಉಳಿದಿರುವವರೆಗೆ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ನಡೆಸುವಂತಿಲ್ಲ.

ಪ್ರಶ್ನೆ (ಕೊಬ್ಬರಿ ವ್ಯಾಪಾರಿ): ಮೇಡಂ, ಬೀಗ ಮುರಿದಿತ್ತು ಅಂತ ಈಗ ಸ್ಟೇಷನ್ನಿಗೆ ಹೋಗಿ ಹೇಳಿಕೆ ಬದಲಿಸಿ ಅಂತ ಒಬ್ಬರು ಹೇಳುತ್ತಿದ್ದಾರೆ. ಮಾಡಲಾ?

ಉತ್ತರ: ಖಂಡಿತ ಬೇಡ ಸರ್. ಆಮೇಲೆ ನಿಜವಾದ ಮಾತನ್ನೂ ಯಾರೂ ನಂಬುವುದಿಲ್ಲ, ಸುಳ್ಳು ಹೇಳಿಕೆ ನಿಮಗೇ ಸುತ್ತಿಕೊಳ್ಳುತ್ತದೆ. ಪಾಲಿಸಿಯ ಮೊದಲ ಹಾಳೆ ಮಾತ್ರ ಅಲ್ಲ, ಪೂರ್ತಿ ಪುಸ್ತಕ ತರಿಸಿಕೊಳ್ಳಿ. ಅದರಲ್ಲಿ ಬರ್ಗ್ಲರಿ ಪದಕ್ಕೆ ಕೊಟ್ಟಿರುವ ಅರ್ಥ ನೋಡಿ. ಥೆಫ್ಟ್ ಕೂಡ ಸೇರಿಸಿರುವ ಪಾಲಿಸಿಗಳೂ ಇವೆ. ನಿಮ್ಮದರಲ್ಲಿ ಸೇರಿದ್ದೂ ಕ್ಲೇಮ್ ತಿರಸ್ಕರಿಸಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಅದಕ್ಕೆ 2 ವರ್ಷದ ಗಡುವಿದೆ. ಆ ಪುಟದ ಫೋಟೋ ನನಗೆ ಕಳಿಸಿ, ಹೆಸರು ಮತ್ತು ಪಾಲಿಸಿ ನಂಬರ್ ಮುಚ್ಚಿ ಕಳಿಸಿ.