ವಿಷಯ: ಸೆನ್ಸೇಷನ್, ಪರ್ಸೆಪ್ಷನ್‌ಗೆ ಪದ ಬೇಕು, ಎಂಆರ್‌ಐ ಬೋರ್ಡು (ತುರ್ತು)

ಎಲ್ಲರಿಗೂ ನಮಸ್ಕಾರ. ಹಾಸನದ ಆಸ್ಪತ್ರೆಯೊಂದರ ನರರೋಗ ವಿಭಾಗದ ಕೈಪಿಡಿ ಸೋಮವಾರ ಪ್ರೆಸ್ಸಿಗೆ ಹೋಗುತ್ತದೆ. ಸೆನ್ಸೇಷನ್‌ಗೆ ಸಂವೇದನೆ, ಪರ್ಸೆಪ್ಷನ್‌ಗೆ ಗ್ರಹಿಕೆ ಎಂದು ಹಾಕಿದ್ದೇನೆ. ಫಂಕ್ಷನಲ್ ಎಂಆರ್‌ಐಗೆ ‘ಕ್ರಿಯಾತ್ಮಕ ಎಂಆರ್‌ಐ’ ನಡೆಯುತ್ತದೆಯೇ? ಎಂಆರ್‌ಐ ಕೋಣೆಯ ಬಾಗಿಲಿಗೆ ‘ಎಚ್ಚರಿಕೆ: ಪ್ರಬಲ ಕಾಂತಕ್ಷೇತ್ರ’ ಸಾಕೇ?
— ಹಾಸನ

ಗ್ರಹಿಕೆ ಸರಿ, ಸಂವೇದನೆ ಬೇಡ. ರೋಗಿಗೆ ಅದರಲ್ಲಿ ಕೇಳಿಸುವುದು ‘ವೇದನೆ’ಯೊಂದೇ. ‘ಸಂವೇದನೆ ಇದೆಯೇ?’ ಎಂದರೆ ‘ನೋವೇನಿಲ್ಲ’ ಎನ್ನುತ್ತಾರೆ, ಅಲ್ಲಿಗೆ ಪರೀಕ್ಷೆ ಕೆಟ್ಟಿತು. ಕುಷ್ಠರೋಗದ ಗೋಡೆಬರಹಗಳಲ್ಲಿ ‘ಸ್ಪರ್ಶಜ್ಞಾನವಿಲ್ಲದ ಮಚ್ಚೆ’ ಎಂದಿರುತ್ತದೆ, ಜನಕ್ಕೆ ಅದು ತಿಳಿದಿದೆ. ಆದರೆ ಅದು ಚರ್ಮಕ್ಕಷ್ಟೇ ಸೈ, ಕಣ್ಣು ಕಿವಿಗೆ ಒಗ್ಗದು. ಸಕ್ಕರೆ ಕಾಯಿಲೆಯವರ ಪಾದಕ್ಕೆ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅದು ಬಾಗುವಷ್ಟು, ಒಂದೆರಡು ಸೆಕೆಂಡು, ಆಣಿಗಟ್ಟಿದ ಜಾಗ ಬಿಟ್ಟು ಒತ್ತುತ್ತೀರಲ್ಲ, ಆಗ ಕೇಳಬೇಕಾದ್ದು ‘ತಾಕಿತಾ? ಎಲ್ಲಿ?’ ಅಷ್ಟೇ.

ಇನ್ನು ಕಣ್ಣು ಮುಚ್ಚಿಸಿ ಅಂಗೈಯಲ್ಲಿ ಬೀಗದಕೈ ಇಡಿ. ಏನೋ ತಣ್ಣಗಿದೆ ಎನ್ನುವುದು ಸೆನ್ಸೇಷನ್, ಬೀಗದಕೈ ಎಂದು ಗುರುತು ಹಿಡಿಯುವುದು ಪರ್ಸೆಪ್ಷನ್. ಮಿದುಳಿನ ಪ್ಯಾರೈಟಲ್ ಭಾಗಕ್ಕೆ ಪೆಟ್ಟಾದಾಗ ಮೊದಲನೆಯದು ಉಳಿದು ಎರಡನೆಯದು ಹೋಗಿರಬಹುದು, ಅದೂ ಎದುರು ಬದಿಯ ಕೈಯಲ್ಲಿ.
— ಸಕಲೇಶಪುರ

ಗ್ರಹಿಕೆಯೂ ಸಕ್ಕದದ್ದೇ, ಅಂದರೆ ಸಂಸ್ಕೃತದ್ದೇ. ನಿಮ್ಮದೇ ಆಸ್ಪತ್ರೆಯ ಬಾಗಿಲ ಮೇಲೆ ‘ಅರಿವಳಿಕೆ’ (ಅನಸ್ತೀಷಿಯಾ) ಎಂದಿರುವಾಗ ‘ಅರಿವು’ ಯಾಕಾಗದು? ಬೇರು ಅಱಿ, ಶಕಟರೇಫದ್ದು, ಅಂದರೆ ಹಳಗನ್ನಡದ ಱ ಅಕ್ಷರದ್ದು. ಕತ್ತರಿಸುವ ಅರಿ ಬೇರೆ. ತಾಕರಿವು, ಗುರುತರಿವು ಎಂದು ಬಳಸಿ. ಕಾಂತಕ್ಕೆ ಅಚ್ಚಗನ್ನಡದ ಸೂಜಿಗಲ್ಲು ಇದೆ.
— ಅರಸೀಕೆರೆ

ಸೂಜಿ ಸಂಸ್ಕೃತದ ಸೂಚಿಯ ತದ್ಭವ. ಅಚ್ಚಗನ್ನಡವಂತೆ! ಅರಿವಳಿಕೆಯಲ್ಲಿ ಹೋಗುವುದು ಕೆಲವೊಮ್ಮೆ ಪ್ರಜ್ಞೆ, ಕೆಲವೊಮ್ಮೆ ಬರೀ ಬೆರಳಿನ ಸ್ಪರ್ಶ. ಎರಡಕ್ಕೂ ಒಂದೇ ಅರಿವು ಆದಮೇಲೆ ಇಲ್ಲಿ ಅದರಿಂದೇನು ಉಪಯೋಗ?

ಎಂಆರ್‌ಐ ಯಂತ್ರದಲ್ಲಿ ಕಲ್ಲೂ ಇಲ್ಲ. ನಯೋಬಿಯಂ-ಟೈಟಾನಿಯಂ ತಂತಿಯ ಸುರುಳಿಯನ್ನು ದ್ರವ ಹೀಲಿಯಂ ಮೈನಸ್ 269 ಡಿಗ್ರಿಯಲ್ಲಿ ಇಟ್ಟಿರುತ್ತದೆ. ತಂತಿಯಲ್ಲಿ ತಡೆ ಸೊನ್ನೆ, ಹಾಗಾಗಿ ಒಮ್ಮೆ ಹರಿಸಿದ ಕರೆಂಟು ಹರಿಯುತ್ತಲೇ ಇರುತ್ತದೆ. ಊರಿಗೆಲ್ಲ ಕರೆಂಟು ಹೋದರೂ 1.5 ಟೆಸ್ಲಾದ ಕಾಂತಕ್ಷೇತ್ರ ಹಾಗೇ ಇರುತ್ತದೆ. ಬೋರ್ಡಿನಲ್ಲಿ ಹೇಳಬೇಕಾದ್ದು ಇದನ್ನು. ‘ಪ್ರಬಲ ಕಾಂತಕ್ಷೇತ್ರ’ ಎಂದು ಬರೆದಿಟ್ಟರೆ, ರಾತ್ರಿ ಮೆಷಿನ್ ಆಫ್ ಆಗಿದೆ ಅಂದುಕೊಂಡು ಯಾರೋ ಆಕ್ಸಿಜನ್ ಸಿಲಿಂಡರ್ ತಳ್ಳಿಕೊಂಡು ಬರುತ್ತಾರೆ. ಉಡುದಾರ, ತಾಯತ, ಸೀರೆಪಿನ್ನು, ಕಾಲುಂಗುರ ಎಂದು ಹೆಸರಿಟ್ಟೇ ಬರೆಯಿರಿ. ‘ಲೋಹದ ವಸ್ತು’ ಎಂದರೆ ಸೊಂಟದಲ್ಲಿರುವ ತಾಯತ ಯಾರಿಗೆ ನೆನಪಾಗುತ್ತದೆ?

‘ಕ್ರಿಯಾತ್ಮಕ’ವೂ ಬೇಡ, ಮಿಕ್ಕವು ಕೆಟ್ಟು ನಿಂತ ಎಂಆರ್‌ಐಗಳೇ ಎನಿಸುತ್ತದೆ. ‘ಮಿದುಳಿನ ಚಟುವಟಿಕೆಯ ಎಂಆರ್‌ಐ’ ಎನ್ನಿ. ಅದು ನರದ ವಿದ್ಯುತ್ತನ್ನು ಅಳೆಯುವುದಿಲ್ಲ, ರಕ್ತದ ಆಮ್ಲಜನಕದಲ್ಲಾದ ಬದಲಾವಣೆಯನ್ನು ಹಿಡಿಯುತ್ತದೆ ಎಂಬುದನ್ನೂ ಸೇರಿಸಿ. ಬೆರಳಾಡಿಸಿ 5-6 ಸೆಕೆಂಡು ಕಳೆದ ಮೇಲೆ ಅದರ ಏರಿಕೆ ತುದಿ ಮುಟ್ಟುತ್ತದೆ. ಮಿಲಿಸೆಕೆಂಡಿನ ಲೆಕ್ಕ ಬೇಕಾದವರಿಗೆ ಇಇಜಿ, ಅಂದರೆ ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ತನ್ನೇ ಅಳೆಯುವ ಪರೀಕ್ಷೆ.
— ಚಿಕ್ಕಮಗಳೂರು

ತದ್ಭವವಾದದ್ದು ನಮ್ಮದೇ ಆಯಿತು. ತತ್ಸಮದ ಮೂಟೆ ಹೊರುವವರಿಗೆ ಅದು ತಿಳಿಯದು.
— ಅರಸೀಕೆರೆ

ನಿಮ್ಮ ಜಿಲ್ಲೆಯದೇ ಹಲ್ಮಿಡಿ. ಕ್ರಿ.ಶ. 450ರ ಸುಮಾರಿನ ಆ ಶಾಸನ ಶುರುವಾಗುವುದೇ ಸಂಸ್ಕೃತ ಶ್ಲೋಕದಿಂದ.
— ಚಿಕ್ಕಮಗಳೂರು

ಅದನ್ನು ಬರೆಸಿದವರು ಆಳುವವರು. ಹಾಸನದ ಆಸ್ಪತ್ರೆಯಲ್ಲಿ ಚೀಟಿ ಹಿಡಿದು ನಿಲ್ಲುವವರಲ್ಲ.
— ಅರಸೀಕೆರೆ

ಕೈಪಿಡಿಯಲ್ಲಿ ಚರ್ಮಕ್ಕೆ ಸ್ಪರ್ಶಜ್ಞಾನ, ಉಳಿದ ಕಡೆ ಇಂದ್ರಿಯಾನುಭವ, ಪರ್ಸೆಪ್ಷನ್‌ಗೆ ಗ್ರಹಿಕೆ. ಬೋರ್ಡು ಹೀಗೆ: ‘ಒಳಗಿನ ಅಯಸ್ಕಾಂತ ಹಗಲೂ ರಾತ್ರಿ ಎಳೆಯುತ್ತಿರುತ್ತದೆ, ಮೆಷಿನ್ ನಿಂತಿದ್ದರೂ ಸಹ. ಸಿಲಿಂಡರ್, ಗಾಲಿಕುರ್ಚಿ ತರಬೇಡಿ. ಉಡುದಾರ, ತಾಯತ, ಪಿನ್ನು, ಕಾಲುಂಗುರ ಇಲ್ಲೇ ಬಿಚ್ಚಿಡಿ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.’
— ಹಾಸನ

ಅಯಸ್ಕಾಂತವೂ ಸಕ್ಕದವೇ.
— ಅರಸೀಕೆರೆ